ಮೊದಲು ಕಂಡವರು

ಐಸ್ ಕಾರ್ಖಾನೆಯ ಕಂಪ್ರೆಸರ್ ಕೆಟ್ಟಿತೆಂದು ಬಂದವನು ನಾನು.
ಒಂದು ದಿನದ ಕೆಲಸ; ಬಿಡಿಭಾಗ ಬರಲು ಐದು ದಿನ.
ಹೀಗಾಗಿ ಊರು ನೋಡಿದೆ.

ನೋಡಲು ಬಹಳವಿಲ್ಲ.
ವಿಯೆಟ್ನಾಮಿನ ನಕಾಶೆಯಲ್ಲಿ ಒಂದು ನೊಣ ಕೂತಷ್ಟು ಜಾಗ.
ತಾರು ಬಳಿದ ದುಂಡು ಬಿದಿರುದೋಣಿಗಳು
(ಹರಿಗೋಲು ಅಂತಲೇ ಬಾಯಿಗೆ ಬಂತು)
ಮರಳಲ್ಲಿ ಮಗುಚಿ ಮಲಗಿವೆ, ಒಂದರ ನೆರಳಲ್ಲಿ ನಾಯಿ,
ಇನ್ನೊಂದರಡಿಯಿಂದ ಎರಡು ಪಾದ, ಗೊರಕೆ.
ಪೀಪಾಯಿಗಳಲ್ಲಿ ಸಣ್ಣಮೀನು ಉಪ್ಪಿನೊಂದಿಗೆ
ವರ್ಷವಿಡೀ ಕರಗುವ ವಾಸನೆ
ಮೊದಲ ದಿನ ಮೂಗಿಗೆ, ಮರುದಿನ ಅಂಗಿಗೆ,
ಮೂರನೇ ದಿನ ಅದು ನಾನೇ.
ನಡುಹಗಲು ಎಷ್ಟು ಸುಮ್ಮನೆಂದರೆ
ಬಲೆ ಹೆಣೆಯುವವಳು ಹಲ್ಲಲ್ಲಿ ನೂಲು ಕಡಿದದ್ದು
ಬೀದಿಯಾಚೆ ಕೇಳುತ್ತದೆ.

ಕಾಫಿ ಅಂಗಡಿಯಲ್ಲಿ ತಲೆಗೆ ಬಿಳಿಪಟ್ಟಿ ಕಟ್ಟಿದವನೊಬ್ಬ.
ಹೆಸರು ಸಾವ್.
ಬೆಚ್ಚಿದ್ದು ನಾನೊಬ್ಬನೇ. ಅವರಲ್ಲಿ ಹಾಗೆಂದರೆ ಆರು, ಅಷ್ಟೇ.
ಚೊಚ್ಚಲನ್ನೇ ಎರಡೆಂದು ಎಣಿಸುವ ಸೀಮೆ ಇದು,
ಒಂದು ಅಂದರೆ ಯಾರದೋ ಕಣ್ಣು ಬೀಳುತ್ತದಂತೆ.
ಹಾಗಾಗಿ ಆರೆಂಬವನು ಐದನೆಯವನು,
ದೋಣಿಯಲ್ಲಿ ಅರೆಕಾಸಿನ ಪಾಲು, ಮಾತಿಗೆ ಅದೂ ಇಲ್ಲ.

ಯಾರು ತೀರಿಕೊಂಡರು, ಕೇಳಿದೆ.
"ಅಜ್ಜ," ಅಂದಳು ಕಾಫಿ ಸೋಸುತ್ತಿದ್ದ ಲುವಾ.
ಬಹಳ ವಯಸ್ಸಾಗಿತ್ತೆ?
ಕೈ ಅಗಲಿಸಿದಳು, ಸಾಲಲಿಲ್ಲ,
ಬಾಗಿಲಿನಿಂದ ಎದುರಿನ ತೆಂಗಿನ ಮರದ ತನಕ ತೋರಿಸಿದಳು.

ತಿಮಿಂಗಿಲ ಅನ್ನುವಂತಿಲ್ಲ. ಅಜ್ಜ.
ಬಿರುಗಾಳಿಯಲ್ಲಿ ದೋಣಿಗೆ ಬೆನ್ನು ಕೊಡುವವನು.
ಸತ್ತು ದಡಕ್ಕೆ ಬಂದರೆ ಮೊದಲು ಕಂಡವರೇ ಹಿರಿಮಗ:
ಮೂರು ವರ್ಷ ಸೂತಕ, ಮದುವೆಯಿಲ್ಲ, ವಾದ್ಯವಿಲ್ಲ,
ಆಮೇಲೆ ಮರಳು ಬಗೆದು
ಎಲುಬು ತೊಳೆದು ಗುಡಿಗೆ ಹೊರಬೇಕು.

ಈಗ ಸಾವ್ ಬಂದರೆ ಮುದುಕರೂ ಜರುಗಿ ಕೂರುತ್ತಾರೆ.
ಅವನ ಹಿರಿಯಣ್ಣ, ಎರಡು ಎಂಬವನು,
ತನ್ನ ಲೋಟ ತಾನೇ ಎತ್ತಿಕೊಂಡು ಹೊರಗೆ ನಿಲ್ಲುತ್ತಾನೆ.

ಐದನೇ ರಾತ್ರಿ ಯಂತ್ರ ಕೆಮ್ಮಿ, ಉಸಿರು ಹಿಡಿದು,
ಮೊದಲ ಐಸ್ ಗಡ್ಡೆ ಹೆತ್ತಿತು.
ಬಕೆಟ್ಟು ಹಿಡಿದು ಲುವಾ ಬಂದಳು.
ಪಿನಾಂಗಿನ ಕೈಗವಸು ಕಾರ್ಖಾನೆಯಲ್ಲಿ
ಎಂಟು ವರ್ಷ ದುಡಿದು ಕಲಿತ ಇಂಗ್ಲಿಷಿನಲ್ಲಿ
ಬಕೆಟ್ಟಿಗೆ ಹೇಳುವಂತೆ ಹೇಳಿದಳು:
"ಮೊದಲು ಕಂಡದ್ದು ಅವನಲ್ಲ."

ನಸುಕಲ್ಲಿ ಚಿಪ್ಪು ಆರಿಸಲು ಹೋಗಿದ್ದಳು.
ಬಂಡೆ ಅಂದುಕೊಂಡಳು. ಬಂಡೆಗೆ ಕಣ್ಣಿತ್ತು, ತೆರೆದೇ ಇತ್ತು.
ಮದುವೆಗೆ ಹದಿನೇಳು ದಿನ.
ಹಂದಿಗೆ ಮುಂಗಡ ಕೊಟ್ಟಾಗಿತ್ತು.
ಅವಳಿಗೆ ಮೂವತ್ತೆಂಟು.
ಗಾಳಿಮರಗಳ ಹಿಂದೆ ಕೂತಳು, ಯಾರಾದರೂ ಬರಲೆಂದು.
ನಾಯಿ ಬಂತು. ನಾಯಿ ಲೆಕ್ಕಕ್ಕಿಲ್ಲ.
ಆಮೇಲೆ ಉಚ್ಚೆ ಹೊಯ್ಯಲು ಬಂದ ಸಾವ್
ಲಾಡಿಗೆ ಕೈ ಹಾಕಿದವನು ಹಾಗೇ ಮಂಡಿಯೂರಿ ಅತ್ತ,
ಹೆತ್ತಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲವಂತೆ.

"ಅಷ್ಟು ಅಳು ನನಗೆಲ್ಲಿ ಬರುತ್ತಿತ್ತು,"
ಅಂದು ನಕ್ಕಳು. ಗಂಡ ಈಗ ದೂರದ ದೋಣಿಯಲ್ಲಿ,
ತಿಂಗಳಿಗೆ ನಾಲ್ಕು ದಿನ ಮನೆ.
ನನಗೇಕೆ ಹೇಳಿದೆ?
"ನಾಳೆ ಹೋಗುತ್ತೀಯಲ್ಲ."

ಹೋದೆ. ಬಸ್ಸು ದಡದ ತಿರುವಿನಲ್ಲಿ
ಏಡಿ ಮೂಟೆಗಳಿಗೆಂದು ನಿಂತಿತು.
ಮರಳದಿಬ್ಬ, ಮೇಲೆ ಬಣ್ಣ ಹೋದ ಛತ್ರಿ,
ಊದುಬತ್ತಿಯ ಬೂದಿ, ಪಕ್ಕದಲ್ಲೊಂದು ಕಾಫಿ ಲೋಟ,
ಐಸ್ ಇನ್ನೂ ಕರಗಿರಲಿಲ್ಲ.

ಗುಡಿಸುತ್ತ ಬಂದ ಹಿರಿಮಗ
ಆ ಲೋಟ ಎತ್ತಿದ,
ಅಡಿಯ ಮರಳು ಗುಡಿಸಿದ,
ಮತ್ತೆ ಅಲ್ಲೇ ಇಟ್ಟ.